ಬುಡ ನೋಡಿ ನೀರು ಹಾಕಿ: ಆಫ್ರಿಕನ್ ವಯೋಲೆಟ್‌ನ ನೆಂಟರನ್ನು ಮನೆಯೊಳಗೆ ಬೆಳೆಸುವುದು

ಕಿಟಕಿಯಲ್ಲಿ ಬೆಳೆಸುವ ಪುಟ್ಟ ಹೂಗಿಡ ಆಫ್ರಿಕನ್ ವಯೋಲೆಟ್ ಸಾಕಿದವರು ಕೈ ಎತ್ತಿ ಅಂದಾಗ ಇಷ್ಟೊಂದು ಕೈ ಮೇಲೆ ಬಂದವು. ಹಾಗಾಗಿ ಅದರ ಬಗ್ಗೆ ಇವತ್ತು ಕಡಿಮೆ ಮಾತಾಡುತ್ತೇನೆ. ನನ್ನ ವಿಷಯ ಅದರ ನೆಂಟರು. ಗ್ಲಾಕ್ಸೀನಿಯ, ಸ್ಟ್ರೆಪ್ಟೋಕಾರ್ಪಸ್, ಅಕಿಮೆನಿಸ್, ಎಪಿಸಿಯ, ಲಿಪ್‌ಸ್ಟಿಕ್ ಗಿಡ, ಗೋಲ್ಡ್‌ಫಿಶ್ ಗಿಡ, ಇವೆಲ್ಲ ಒಂದೇ ಕುಟುಂಬ. ಹೂವಿನ ಚಂದ ನೋಡಿ ಜನ ಇವನ್ನು ಮನೆಗೆ ತರುತ್ತಾರೆ. ತಂದು ಎಲ್ಲವನ್ನೂ ವಯೋಲೆಟ್ ಥರಾನೇ ನೋಡಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ಗ್ಲಾಕ್ಸೀನಿಯ ತಂದವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಎರಡು ತಿಂಗಳು ಗಂಟೆಯಂಥ ದೊಡ್ಡ ದೊಡ್ಡ ಹೂವು. ಆಮೇಲೆ ಎಲೆ ಹಳದಿಯಾಯಿತು. ಗಾಬರಿಯಾಗಿ ಇನ್ನಷ್ಟು ನೀರು ಹಾಕಿದರು. ಎಲೆ ಎಲ್ಲ ಉದುರಿತು. ಕುಂಡ ಎತ್ತಿ ಎಸೆದರು. ಆದರೆ ಮಣ್ಣಿನೊಳಗೆ ಗೆಡ್ಡೆ ಇತ್ತು, ಅದು ಚೆನ್ನಾಗಿಯೇ ಇತ್ತು. ಗಿಡ ಸತ್ತಿರಲಿಲ್ಲ, ಮಲಗಲು ಹೊರಟಿತ್ತು, ಅಷ್ಟೇ.

ಹಾಗಾಗಿ ನನ್ನ ಇಡೀ ಮಾತು ಒಂದು ವಿಷಯದ ಸುತ್ತ ಇರುತ್ತದೆ. ಈ ಕುಟುಂಬದಲ್ಲಿ ಯಾವ ಗಿಡ ತಂದರೂ ಮೊದಲು ಅದರ ಬುಡ ನೋಡಿ. ಮಣ್ಣಿನ ಕೆಳಗೆ ಬರೀ ತೆಳ್ಳಗಿನ ಬೇರು ಇದೆಯಾ? ಗೆಡ್ಡೆ ಇದೆಯಾ? ಚಿಪ್ಪುಚಿಪ್ಪಾದ ರೈಜೋಮ್, ಅಂದರೆ ಮಣ್ಣಿನೊಳಗೆ ಬೆಳೆಯುವ ಕಾಂಡ, ಇದೆಯಾ? ಅಥವಾ ಇದು ಮರದ ಮೇಲೆ ಬದುಕುವ ಜಾತಿಯಾ? ನೀರು, ಕುಂಡ, ವಿಶ್ರಾಂತಿ ಮೂರೂ ಇದರ ಮೇಲೆ ನಿಂತಿವೆ.

ಕುಟುಂಬದ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗೋಣ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಗೆಸ್ನೇರಿಯೇಸಿ ಅಂತ ಹೆಸರು. 16ನೇ ಶತಮಾನದ ಸ್ವಿಟ್ಜರ್ಲೆಂಡಿನ ವಿದ್ವಾಂಸ ಕಾನ್ರಾಡ್ ಗೆಸ್ನರ್ ಅವರ ನೆನಪಿಗೆ ಇಟ್ಟದ್ದು. ಸುಮಾರು 150 ಕುಲಗಳು, 3000ಕ್ಕೂ ಹೆಚ್ಚು ಜಾತಿಗಳು ಇದರಲ್ಲಿವೆ. ಬಹುಪಾಲು ಉಷ್ಣವಲಯದವು. ಕಾಡಿನ ನೆರಳಲ್ಲಿ, ಬಂಡೆಯ ಸಂದಿಯಲ್ಲಿ, ತೇವದ ಕಡಿದಾದ ಗೋಡೆಗಳಲ್ಲಿ, ಮರದ ಕೊಂಬೆಯ ಮೇಲೆ ಬೆಳೆಯುವಂಥವು. ನೇರ ಬಿಸಿಲು ಬೀಳದ ಮನೆಯೊಳಗೆ ಇವು ಹೊಂದಿಕೊಳ್ಳುವುದು ಅದಕ್ಕೇ.

ವಯೋಲೆಟ್ ಕೂಡ ಹಾಗೇ ಬಂದದ್ದು. ಇವತ್ತಿನ ಟಾಂಜಾನಿಯಾದ ಉಸಂಬರ ಬೆಟ್ಟಗಳ ಪ್ರದೇಶದಲ್ಲಿ ಆಗ ಜರ್ಮನ್ ಆಡಳಿತ ಇತ್ತು. ಅಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಅದನ್ನು ಜರ್ಮನಿಯಲ್ಲಿದ್ದ ತಂದೆಗೆ ಕಳಿಸಿದರು. ಹ್ಯಾನೋವರ್‌ನ ಹೆರೆನ್‌ಹೌಸನ್ ಉದ್ಯಾನದ ಹರ್ಮನ್ ವೆಂಡ್‌ಲಾಂಡ್ 1893ರಲ್ಲಿ ಅದಕ್ಕೆ ಸೇಂಟ್‌ಪೌಲಿಯ ಅಂತ ಹೆಸರಿಟ್ಟರು. ನೂರಾರು ಹೈಬ್ರಿಡ್‌ಗಳು ಬಂದವು, ಪ್ರಪಂಚದ ಕಿಟಕಿಗಳೆಲ್ಲ ಅದರದೇ ಆದವು. ಆಮೇಲೆ ಡಿಎನ್‌ಎ ನೋಡಿದವರು ಬೇರೆ ಮಾತು ಹೇಳಿದರು. ಅದು ಪ್ರತ್ಯೇಕ ಕುಲವೇ ಅಲ್ಲ, ಸ್ಟ್ರೆಪ್ಟೋಕಾರ್ಪಸ್‌ನ ಒಂದು ಕವಲು. 2015ರಲ್ಲಿ ಅದನ್ನು ಸ್ಟ್ರೆಪ್ಟೋಕಾರ್ಪಸ್‌ಗೇ ಸೇರಿಸಿಬಿಟ್ಟರು. ಬೆಳೆಸುವವರು ಮಾತ್ರ ಹಳೆಯ ಹೆಸರು ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ.

ಸರಿ, ಹಾಗಾದರೆ ಸ್ಟ್ರೆಪ್ಟೋಕಾರ್ಪಸ್‌ನಿಂದಲೇ ಶುರು ಮಾಡೋಣ. ಬೆಳೆಸುವವರು ಚಿಕ್ಕದಾಗಿ ಸ್ಟ್ರೆಪ್ ಅನ್ನುತ್ತಾರೆ. ನನ್ನನ್ನು ಕೇಳಿದರೆ ಮನೆಯೊಳಗಿನ ಹೂವಿನ ಗಿಡಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ. 1818ರಲ್ಲಿ ದಕ್ಷಿಣ ಆಫ್ರಿಕಾದ ನೈಸ್ನಾ ಬಳಿ, ಜಾರ್ಜ್ ರೆಕ್ಸ್ ಎಂಬವರ ಜಮೀನಿನಲ್ಲಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪರವಾಗಿ ಗಿಡ ಸಂಗ್ರಹಿಸುತ್ತಿದ್ದ ಜೇಮ್ಸ್ ಬೋವಿ ಒಂದು ಜಾತಿಯನ್ನು ಕಂಡರು. ಅದೇ ಸ್ಟ್ರೆಪ್ಟೋಕಾರ್ಪಸ್ ರೆಕ್ಸಿಯೈ. ಇವತ್ತಿನ ಹೈಬ್ರಿಡ್‌ಗಳ ಮೂಲಪುರುಷರಲ್ಲಿ ಅದೂ ಒಂದು.

ಈ ಗಿಡದ ದೇಹರಚನೆ ವಿಚಿತ್ರ. ಬೀಜ ಮೊಳೆತಾಗ ಎಲ್ಲ ಗಿಡಗಳಂತೆ ಎರಡು ಪುಟ್ಟ ಬೀಜದೆಲೆ ಬರುತ್ತವೆ, ಎರಡೂ ಒಂದೇ ಗಾತ್ರ. ಕೆಲವು ದಿನ ಕಳೆದ ಮೇಲೆ ಒಂದು ಎಲೆ ಬೆಳೆಯುತ್ತಾ ಹೋಗುತ್ತದೆ, ಇನ್ನೊಂದು ಅಲ್ಲೇ ನಿಂತುಬಿಡುತ್ತದೆ. ಕೆಲವು ಜಾತಿಗಳಲ್ಲಿ ಬದುಕಿಡೀ ಆ ಒಂದೇ ಎಲೆ. ಬುಡದಿಂದ ಬೆಳೆಯುತ್ತಾ ಅರ್ಧ ಮೀಟರ್ ದಾಟುತ್ತದೆ. ಒಮ್ಮೆ ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ನಮ್ಮ ಕುಂಡಗಳಲ್ಲಿರುವ ಹೈಬ್ರಿಡ್‌ಗಳು ಹಾಗಲ್ಲ, ಒಂದರ ಹಿಂದೆ ಒಂದು ಎಲೆ ಬಿಡುತ್ತವೆ. ಆದರೆ ಹಳೆಯ ಗುಣ ಪೂರ್ತಿ ಹೋಗಿಲ್ಲ. ಹೂಕಾಂಡ ಹುಟ್ಟುವುದು ಎಲೆಯ ಬುಡದಲ್ಲಿ, ನಡುನರದ ಮೇಲೆ. ಒಂದಾದ ಮೇಲೆ ಒಂದು, ಸಾಲಾಗಿ. ಅಂದರೆ ಪ್ರತಿ ಎಲೆಗೂ ತನ್ನದೇ ಹೂವಿನ ಲೆಕ್ಕ ಇದೆ. ಆ ಲೆಕ್ಕ ಮುಗಿದ ಎಲೆ ಸುಮ್ನೆ ಜಾಗ ಹಿಡಿದಿರುತ್ತದೆ. ಅದನ್ನು ಬುಡದಲ್ಲಿ ತೆಗೆದರೆ ಹೊಸ ಎಲೆ ಬರುತ್ತದೆ, ಹೊಸ ಎಲೆಯ ಜೊತೆ ಹೊಸ ಹೂವು. ಎಲೆ ಕಿತ್ತರೆ ಗಿಡಕ್ಕೆ ನೋವು ಅಂತ ಹಿಂಜರಿಯುವವರ ಸ್ಟ್ರೆಪ್ ಹೂ ಬಿಡುವುದು ಕಡಿಮೆ.

ಇನ್ನೊಂದು. ಸ್ಟ್ರೆಪ್‌ನ ಹಳೆಯ ಎಲೆಯ ತುದಿ ಕಂದಾಗುತ್ತದೆ. ಒಮ್ಮೊಮ್ಮೆ ಅಡ್ಡಕ್ಕೆ ಗೆರೆ ಎಳೆದ ಹಾಗೆ, ಗೆರೆಯಿಂದ ಆಚೆ ಒಣಗಿ, ಈಚೆ ಹಸಿರಾಗಿಯೇ ಇರುತ್ತದೆ. ರೋಗ ಅಂತ ಔಷಧಿ ಸಿಂಪಡಿಸಲು ಓಡಬೇಡಿ. ಚಳಿ ಅಥವಾ ಒಣ ಕಾಲದಲ್ಲಿ ಎಲೆಯ ಒಂದು ಭಾಗವನ್ನು ಬಿಟ್ಟುಕೊಡುವುದು ಇದರ ಸ್ವಭಾವ. ಕತ್ತರಿಯಲ್ಲಿ ಒಣಗಿದ ಭಾಗ ಕತ್ತರಿಸಿ, ಸಾಕು.

ಇದರ ಬುಡದಲ್ಲಿ ಇರುವುದು ತೆಳ್ಳಗಿನ ಬೇರುಗಳು ಮಾತ್ರ. ಗೆಡ್ಡೆ ಇಲ್ಲ, ನೀರಿನ ದಾಸ್ತಾನು ಇಲ್ಲ. ಹಾಗಾದರೆ ಜಾಸ್ತಿ ನೀರು ಬೇಕು ಅಂತ ಅನಿಸುತ್ತೆ, ಅಲ್ವಾ? ಉಲ್ಟಾ. ತೆಳ್ಳಗಿನ ಬೇರು ಸುಲಭವಾಗಿ ಕೊಳೆಯುತ್ತದೆ. ಸ್ಟ್ರೆಪ್ ಬಾಯಾರಿದಾಗ ಎಲೆ ಜೋತುಬೀಳುತ್ತದೆ, ನೀರು ಕೊಟ್ಟರೆ ಕೆಲವು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಬೇರು ಕೊಳೆತಾಗಲೂ ಎಲೆ ಹಾಗೇ ಜೋತುಬೀಳುತ್ತದೆ. ನೋಡಲು ಎರಡೂ ಒಂದೇ. ಆದ್ದರಿಂದ ಎಲೆ ನೋಡಿ ನೀರು ಹಾಕಬೇಡಿ. ಕುಂಡ ಎತ್ತಿ ತೂಕ ನೋಡಿ. ಹಗುರ ಇದ್ದರೆ ನೀರು. ಭಾರ ಇದ್ದೂ ಎಲೆ ಬಾಡಿದ್ದರೆ ಗಿಡ ಹೊರಗೆ ತೆಗೆದು ಬೇರು ನೋಡಿ. ಮತ್ತೆ, ಇದಕ್ಕೆ ವಯೋಲೆಟ್‌ಗಿಂತ ತಂಪು ಇಷ್ಟ. 18ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿರುತ್ತದೆ. 30 ದಾಟಿದರೆ ಸೊರಗುತ್ತದೆ. ಆಗ ಗೊಬ್ಬರ ನಿಲ್ಲಿಸಿ, ಗಾಳಿಯಾಡುವ ಕಡೆ ಇಡಿ.

ಈಗ ಗೆಡ್ಡೆಯವರ ಕಡೆ ಬರೋಣ. ನಾವು ಗ್ಲಾಕ್ಸೀನಿಯ ಅಂತ ಕರೆಯುವ ಗಿಡ ನಿಜವಾಗಿ ಸಿನಿಂಜಿಯ ಸ್ಪೆಸಿಯೋಸ. ಬ್ರೆಜಿಲ್‌ನದು. 1817ರಲ್ಲಿ ಅದಕ್ಕೆ ಗ್ಲಾಕ್ಸೀನಿಯ ಅಂತ ಹೆಸರು ಬಿತ್ತು. ಆಮೇಲೆ ಸಸ್ಯಶಾಸ್ತ್ರಜ್ಞರು ಕುಲ ಬದಲಿಸಿದರು. ಬಾನ್ ವಿಶ್ವವಿದ್ಯಾಲಯದ ತೋಟಗಾರ ವಿಲ್ಹೆಲ್ಮ್ ಸಿನಿಂಗ್ ಹೆಸರು ಈ ಹೊಸ ಕುಲಕ್ಕೆ ಬಂತು.  ಕಾಡಿನಲ್ಲಿ ಇದರ ಹೂವು ತಲೆ ಬಗ್ಗಿಸಿ ನಿಲ್ಲುತ್ತದೆ. ಮೇಲೆ ನೋಡುವ ಗುಂಡು ಗಂಟೆಯ ಹೂವು ಬಂದದ್ದು 1840ರ ದಶಕದಲ್ಲಿ, ಸ್ಕಾಟ್ಲೆಂಡಿನಲ್ಲಿ ಜಾನ್ ಫೈಫ್ ಬೆಳೆಸಿದ ಒಂದು ಸಸಿಯಿಂದ. ಆಮೇಲೆ ಜನ ಅದನ್ನೇ ಬೆಳೆಸುತ್ತಾ ಬಂದರು. ನನಗೆ ಮಾತ್ರ ತಲೆ ಬಗ್ಗಿಸಿದ ಹಳೆಯ ರೂಪವೇ ಚಂದ ಅನಿಸುತ್ತದೆ.

ಹೂ ಮುಗಿದ ಮೇಲೆ ಏನು ಮಾಡಬೇಕು? ಎಲೆ ಹಳದಿಯಾಗಲು ಶುರುವಾದರೆ ನೀರು ಕಡಿಮೆ ಮಾಡುತ್ತಾ ಬನ್ನಿ. ಗೊಬ್ಬರ ಬೇಡ. ಕಾಂಡ ಪೂರ್ತಿ ಒಣಗಿದ ಮೇಲೆ ಅದನ್ನು ತೆಗೆದು, ಗೆಡ್ಡೆಯನ್ನು ಕುಂಡದಲ್ಲೇ ಬಿಟ್ಟು, ಬೆಳಕು ಕಡಿಮೆ ಇರುವ ತಂಪು ಜಾಗದಲ್ಲಿ ಇಡಿ. ಎರಡು ಮೂರು ತಿಂಗಳು ಮಲಗುತ್ತದೆ, ಕೆಲವು ಇನ್ನೂ ಜಾಸ್ತಿ. ಮಣ್ಣು ಪೂರ್ತಿ ಬೂದಿಯಂತೆ ಒಣಗಿದರೆ ಗೆಡ್ಡೆ ಸುಕ್ಕಾಗುತ್ತದೆ, ಆದ್ದರಿಂದ ಆಗಾಗ ಒಂದೆರಡು ಚಮಚ ನೀರು ಚಿಮುಕಿಸಿ. ತಿಂಗಳಿಗೊಮ್ಮೆ ಇಣುಕಿ ನೋಡಿ. ಮೊಳಕೆ ಕಂಡ ದಿನ ಹೊಸ ಮಣ್ಣು ಕೊಟ್ಟು ಬೆಳಕಿಗೆ ತನ್ನಿ. ಗೆಡ್ಡೆಯ ತಗ್ಗಾದ ಬದಿ ಮೇಲೆ ಬರಬೇಕು, ಮೇಲೆ ತೆಳುವಾಗಿ ಮಣ್ಣು ಸಾಕು. ನಾಲ್ಕೈದು ಮೊಳಕೆ ಬಂದರೆ ಒಂದು ಅಥವಾ ಎರಡು ಉಳಿಸಿ.

ಆದರೆ ಬಲವಂತವಾಗಿ ಮಲಗಿಸಬೇಡಿ. ಹಳೆಯ ಕಾಂಡ ಇನ್ನೂ ಹಸಿರಾಗಿರುವಾಗಲೇ ಬುಡದಲ್ಲಿ ಹೊಸ ಚಿಗುರು ಕಂಡರೆ ಗಿಡಕ್ಕೆ ನಿದ್ದೆ ಬೇಕಿಲ್ಲ ಅಂತ ಅರ್ಥ. ಹಳೆಯದನ್ನು ಕತ್ತರಿಸಿ, ಎಂದಿನಂತೆ ನೀರು ಮುಂದುವರಿಸಿ.

ಇದೇ ಕುಲದಲ್ಲಿ ಸಿನಿಂಜಿಯ ಪುಸಿಲ್ಲ ಅಂತ ಒಂದು ಇದೆ. ಇಡೀ ಗಿಡ ಕೆಲವೇ ಸೆಂಟಿಮೀಟರ್ ಅಗಲ. ಮುಚ್ಚಳ ಇರುವ ಗಾಜಿನ ಪಾತ್ರೆಯಲ್ಲಿ ವರ್ಷವಿಡೀ ತಿಳಿ ನೇರಳೆ ಹೂ ಬಿಡುತ್ತದೆ, ತಾನೇ ಬೀಜ ಉದುರಿಸಿ ಮರಿ ಮಾಡಿಕೊಳ್ಳುತ್ತದೆ. ಜಾಗ ಇಲ್ಲ ಅನ್ನುವವರಿಗೆ ಇದು ಉತ್ತರ. ಇನ್ನೊಂದು ಕೊನೆಯಲ್ಲಿ ಸಿನಿಂಜಿಯ ಲ್ಯೂಕೋಟ್ರೈಕ, ಬೆಳ್ಳಿ ಕೂದಲಿನ ಎಲೆಯದು. ಅದರ ಗೆಡ್ಡೆಯನ್ನು ಮಣ್ಣಿನ ಮೇಲೆ ಕಾಣುವಂತೆ ಕೂರಿಸಿ ಎಷ್ಟೋ ವರ್ಷ ಬೆಳೆಸುತ್ತಾರೆ.

ಅಕಿಮೆನಿಸ್ ಕಥೆ ಬೇರೆ. ಇದು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯದು. ಮಣ್ಣಿನೊಳಗೆ ಚಿಪ್ಪು ಹೊದ್ದ ಪುಟ್ಟ ರೈಜೋಮ್‌ಗಳು ಇರುತ್ತವೆ, ಕಂಬಳಿಹುಳುವಿನ ಹಾಗೆ. ಒಂದು ಕುಂಡಕ್ಕೆ ಐದಾರು ಇಟ್ಟು, ಅಡ್ಡಡ್ಡ ಮಲಗಿಸಿ, ಮೇಲೆ ಒಂದೆರಡು ಸೆಂಟಿಮೀಟರ್ ಮಣ್ಣು ಮುಚ್ಚಿ. ಇಲ್ಲಿ ಗಮನ ಕೊಡಿ. ಬೆಳೆಯುತ್ತಿರುವ ಅಕಿಮೆನಿಸ್ ಒಮ್ಮೆ ಚೆನ್ನಾಗಿ ಒಣಗಿದರೆ ಕಾಲ ಮುಗಿಯಿತು ಅಂದುಕೊಂಡು ಮಲಗಲು ಹೊರಡುತ್ತದೆ. ಮೊಗ್ಗು ಬರುವ ಹೊತ್ತಿಗೆ ಹೀಗಾದರೆ ಆ ವರ್ಷದ ಹೂವು ಹೋಯಿತು. ಸ್ಟ್ರೆಪ್‌ಗೆ ಒಣಗುವುದು ಕ್ಷಮೆ ಇರುವ ತಪ್ಪು, ಅಕಿಮೆನಿಸ್‌ಗೆ ಅಲ್ಲ. ಒಂದೇ ಕಿಟಕಿಯಲ್ಲಿ ಎರಡನ್ನೂ ಇಟ್ಟು ಒಂದೇ ದಿನ ಒಂದೇ ಲೋಟದಲ್ಲಿ ನೀರು ಹಾಕುತ್ತಾ ಹೋದರೆ ಒಂದಂತೂ ಕೈಬಿಡುತ್ತದೆ. ಮಲಗಿದ ಮೇಲೆ ಮಾತ್ರ ಅಕಿಮೆನಿಸ್‌ಗೆ ನೀರೇ ಬೇಡ. ರೈಜೋಮ್‌ಗಳನ್ನು ಅದೇ ಒಣ ಮಣ್ಣಿನಲ್ಲಿ ಬಿಡಬಹುದು, ತೆಗೆದು ಒಣ ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಚೂರು) ಜೊತೆ ಚೀಲದಲ್ಲಿ ಇಡಬಹುದು. ಚೀಲದ ಮೇಲೆ ಹೆಸರು ಬರೆಯಿರಿ. ರೈಜೋಮ್ ನೋಡಿ ಹೂವಿನ ಬಣ್ಣ ಹೇಳಲು ಯಾರಿಗೂ ಆಗುವುದಿಲ್ಲ.

ಇದೇ ಕುಟುಂಬದ ಇನ್ನೊಂದು ಗಿಡ ಕೊಲೇರಿಯಕ್ಕೂ ರೈಜೋಮ್ ಇದೆ. ಆದರೆ ಅದು ಎಷ್ಟೋ ಸಲ ಪೂರ್ತಿ ಮಲಗುವುದೇ ಇಲ್ಲ. ಉದ್ದಕ್ಕೆ ಬೆಳೆದು ಬಾಗಿದಾಗ ಕತ್ತರಿಸಿದರೆ ಬುಡದಿಂದ ಮತ್ತೆ ಬರುತ್ತದೆ. ಎಪಿಸಿಯ ಹಬ್ಬುವ ಗಿಡ. ತಾಮ್ರ, ಬೆಳ್ಳಿ, ಗುಲಾಬಿ ಬಣ್ಣದ ಎಲೆಗಾಗಿಯೇ ಜನ ಸಾಕುತ್ತಾರೆ. ಅದಕ್ಕೆ ಚಳಿ ಆಗದು, 15 ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ಕಪ್ಪಾಗುತ್ತದೆ. ಹೂ ಬೇಕಿದ್ದರೆ ಹಬ್ಬುವ ಬಳ್ಳಿಗಳನ್ನು ಸ್ವಲ್ಪ ಕತ್ತರಿಸುತ್ತಾ ಇರಿ.

ಮರದ ಮೇಲಿನವರು ಕೊನೆಗೆ. ಲಿಪ್‌ಸ್ಟಿಕ್ ಗಿಡ, ಅಂದರೆ ಏಷಿನಾಂಥಸ್, ಏಷ್ಯಾದ ಕಾಡಿನದು. ಕಾಲಮ್ನಿಯ ಮತ್ತು ಗೋಲ್ಡ್‌ಫಿಶ್ ಗಿಡ ಅಂತ ಕರೆಯುವ ನೆಮಟಾಂಥಸ್ ಅಮೆರಿಕ ಖಂಡದವು. ಎರಡು ಕಡೆಯವೂ ಬಹುಪಾಲು ಕೆಂಪು, ಕಿತ್ತಳೆ. ಕೊಳವೆಯಂಥ ಹೂವು, ವಾಸನೆ ಇಲ್ಲ. ಯಾಕೆ ಗೊತ್ತಾ? ಎರಡು ಕಡೆಯೂ ಪರಾಗ ಸಾಗಿಸುವುದು ಹಕ್ಕಿಗಳು. ಏಷ್ಯಾದಲ್ಲಿ ಸೂರಕ್ಕಿ, ಅಮೆರಿಕದಲ್ಲಿ ಹಮ್ಮಿಂಗ್‌ಬರ್ಡ್. ಹಕ್ಕಿಗೆ ಬಣ್ಣ ಸಾಕು, ವಾಸನೆ ಬೇಕಿಲ್ಲ. ಕೆಲವು ಕಾಲಮ್ನಿಯಗಳಂತೂ ಹೂವನ್ನು ಎಲೆಯ ಅಡಿಯಲ್ಲಿ ಬಚ್ಚಿಟ್ಟು, ಎಲೆಯ ಮೇಲೇ ಕೆಂಪು ಮಚ್ಚೆ ಮೂಡಿಸಿ ಹಕ್ಕಿಯನ್ನು ಕರೆಯುತ್ತವೆ.

ಕೊಂಬೆಯ ಮೇಲಿನ ಬೇರಿಗೆ ಗಾಳಿ ಅಭ್ಯಾಸ. ಮಳೆ ಬಂದಾಗ ನೆನೆಯುತ್ತದೆ, ಬೇಗ ಒಣಗುತ್ತದೆ. ಆದ್ದರಿಂದ ಮಣ್ಣಿನ ಮಿಶ್ರಣಕ್ಕೆ ಪರ್ಲೈಟ್ (ಬಿಳಿಯ ಹಗುರ ಕಲ್ಲಿನ ಹರಳು) ಜಾಸ್ತಿ, ಸಾಧ್ಯವಾದರೆ ಮರದ ತೊಗಟೆಯ ಚೂರು ಕೂಡ. ತೂಗುಬುಟ್ಟಿಯಲ್ಲಿ ಇಡಿ. ಹೂವು ಬರುವುದು ಎಳೆಯ ಬೆಳವಣಿಗೆಯ ಮೇಲೆ, ಹಾಗಾಗಿ ಹೂವಿನ ಸುಗ್ಗಿ ಮುಗಿದ ಕೂಡಲೇ ಬಳ್ಳಿಗಳನ್ನು ಕತ್ತರಿಸಿ. ತಡ ಮಾಡಿ ಕತ್ತರಿಸಿದರೆ ಮುಂದಿನ ಮೊಗ್ಗನ್ನೇ ಕತ್ತರಿಸಿದಂತೆ. ಮೊಗ್ಗು ಬಂದ ಮೇಲೆ ಜಾಗ ಬದಲಿಸಬೇಡಿ, ಮೊಗ್ಗು ಉದುರುತ್ತದೆ.

ಎಲ್ಲರಿಗೂ ಸೇರಿದ ಮಾತು ಈಗ. ಬೆಳಕು ಪೂರ್ವದ ಕಿಟಕಿಯದು ಒಳ್ಳೆಯದು, ಬೆಳಗಿನ ಎಳೆಬಿಸಿಲು ಪರವಾಗಿಲ್ಲ. ದೀಪದಡಿ ಬೆಳೆಸುವವರು ಎಲ್‌ಇಡಿ ಅಥವಾ ಟ್ಯೂಬ್ ಲೈಟನ್ನು ಗಿಡದಿಂದ ಸುಮಾರು 30 ಸೆಂಟಿಮೀಟರ್ ಮೇಲೆ, ದಿನಕ್ಕೆ 12ರಿಂದ 14 ಗಂಟೆ ಉರಿಸಿದರೆ ಸಾಕು. ಎಲೆತೊಟ್ಟು ಉದ್ದವಾಗಿ ಮೇಲಕ್ಕೆ ಎತ್ತಿಕೊಂಡರೆ ಬೆಳಕು ಕಡಿಮೆ. ನಡುವಿನ ಎಲೆಗಳು ಒತ್ತೊತ್ತಾಗಿ ಬಿಳಚಿಕೊಂಡರೆ ಜಾಸ್ತಿ.

ನೀರು ಕೋಣೆಯಷ್ಟೇ ಬೆಚ್ಚಗಿರಲಿ. ವಯೋಲೆಟ್ ಎಲೆಯ ಮೇಲೆ ಉಂಗುರದಂಥ ಬಿಳಿ ಮಚ್ಚೆ ಬಂದಾಗ ನೀರಿನ ಹನಿ ಬಿಸಿಲಿಗೆ ಸುಟ್ಟಿದೆ ಅಂತ ಬಹಳ ಜನ ಹೇಳುತ್ತಾರೆ. ಸಾಮಾನ್ಯವಾಗಿ ಕಾರಣ ಅದಲ್ಲ. ಬೆಚ್ಚಗಿನ ಎಲೆಯ ಮೇಲೆ ತಣ್ಣಗಿನ ನೀರು ಬಿದ್ದಾಗ ಒಳಗಿನ ಹಸಿರು ಜೀವಕೋಶಗಳು ಹಾಳಾಗುತ್ತವೆ. ಆ ಮಚ್ಚೆ ಮತ್ತೆ ಹೋಗುವುದಿಲ್ಲ.

ಬತ್ತಿಯಿಂದ, ಅಂದರೆ ಕುಂಡದ ತಳದಿಂದ ಕೆಳಗಿನ ನೀರಿಗೆ ದಾರ ಇಳಿಬಿಟ್ಟು, ನೀರುಣಿಸುವವರು ಹತ್ತಿ ದಾರ ಬಿಡಿ, ಕೊಳೆಯುತ್ತದೆ. ನೈಲಾನ್ ಅಥವಾ ಅಕ್ರಿಲಿಕ್ ದಾರ ಬಳಸಿ. ಗೆಡ್ಡೆಯ ಗಿಡ ಮಲಗಿದ ದಿನ ಬತ್ತಿಯನ್ನು ನೀರಿನಿಂದ ಎತ್ತಿಬಿಡಿ. ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್, ವರ್ಮಿಕ್ಯುಲೈಟ್ ಸಮಸಮ. ಕೋಕೋಪೀಟ್‌ನಲ್ಲಿ ಉಪ್ಪಿರಬಹುದು, ಚೆನ್ನಾಗಿ ತೊಳೆದು ಬಳಸಿ. ತೋಟದ ಮಣ್ಣು ಬೇಡ, ಚಿಕ್ಕ ಕುಂಡದಲ್ಲಿ ಅದು ಗಟ್ಟಿಯಾಗಿ ಗಾಳಿ ಮುಚ್ಚುತ್ತದೆ. ವಯೋಲೆಟ್‌ಗೆ ಕುಂಡದ ಅಗಲ ಎಲೆಗಳ ಹರವಿನ ಮೂರನೇ ಒಂದು ಭಾಗ. ಬೇರೆಯವಕ್ಕೂ ಚಿಕ್ಕದೇ ಇರಲಿ. ಬೇರು ಹೋಗದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ, ಕೊಳೆ ಅಲ್ಲಿಂದಲೇ ಬರುವುದು. ಗೊಬ್ಬರ 4 ಲೀಟರ್ ನೀರಿಗೆ ಕಾಲು ಟೀ ಚಮಚದಷ್ಟು, ಪ್ರತಿ ಸಲವೂ ಕೊಡಬಹುದು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದರೆ ಅದಕ್ಕೆ ತಾಗಿದ ಎಲೆತೊಟ್ಟು ಕೊಳೆಯುತ್ತದೆ. ಆಗಾಗ ಬರೀ ನೀರು ಧಾರಾಳವಾಗಿ ಹಾಯಿಸಿ ಉಪ್ಪು ತೊಳೆಯಿರಿ.

ಮರಿ ಮಾಡುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಸ್ಟ್ರೆಪ್ ಎಲೆ ತೆಗೆದುಕೊಳ್ಳಿ. ನಡುನರವನ್ನು ಉದ್ದಕ್ಕೆ ಕತ್ತರಿಸಿ ಬಿಸಾಡಿ. ಉಳಿದ ಎರಡು ಹೋಳುಗಳನ್ನು, ಕತ್ತರಿಸಿದ ಅಂಚು ಕೆಳಗೆ ಬರುವಂತೆ, ಒದ್ದೆ ಪರ್ಲೈಟ್ ಮಿಶ್ರಣದಲ್ಲಿ ಬೇಲಿಯಂತೆ ನಿಲ್ಲಿಸಿ. ಪಾರದರ್ಶಕ ಡಬ್ಬಿ ಮುಚ್ಚಿ, ಬೆಳಕಿರುವ ಕಡೆ ಇಡಿ. ಎರಡು ಮೂರು ತಿಂಗಳಲ್ಲಿ ಒಂದೊಂದು ಅಡ್ಡನರದ ತುದಿಯಲ್ಲೂ ಮರಿಗಳು ಸಾಲಾಗಿ ಏಳುತ್ತವೆ. ಒಂದೇ ಎಲೆಯಿಂದ ಹತ್ತಾರು ಗಿಡ. ಹಂಚಲು ನೆರೆಹೊರೆ ಸಾಲುವುದಿಲ್ಲ.

ಗ್ಲಾಕ್ಸೀನಿಯ ಎಲೆಯನ್ನೂ ತೊಟ್ಟಿನ ಜೊತೆ ನೆಡಬಹುದು. ಆದರೆ ಅದು ಮೊದಲು ತೊಟ್ಟಿನ ತುದಿಯಲ್ಲಿ ಪುಟ್ಟ ಗೆಡ್ಡೆ ಕಟ್ಟುತ್ತದೆ. ಗೆಡ್ಡೆ ಕಟ್ಟಿದ ಮೇಲೆ ಎಷ್ಟೋ ಸಲ ಎಲೆ ಒಣಗಿಹೋಗುತ್ತದೆ, ಚಿಗುರು ಬರಲು ಕಾಯಬೇಕು. ಎಲೆ ಒಣಗಿತು ಅಂತ ಕುಂಡ ಖಾಲಿ ಮಾಡುವ ಮುಂಚೆ ಬೆರಳಾಡಿಸಿ ನೋಡಿ.

ವಯೋಲೆಟ್‌ನಲ್ಲಿ ಒಂದು ಅಪವಾದ ಇದೆ. ಹೂದಳದ ಮೇಲೆ ಚಕ್ರದ ಕಡ್ಡಿಯಂತೆ ಪಟ್ಟಿ ಇರುವ ಕೆಲವು ಬಗೆಗಳು ಕಿಮೇರಗಳು. ಅಂದರೆ ಬೇರೆ ಬೇರೆ ಗುಣದ ಜೀವಕೋಶಗಳ ಪದರಗಳು ಒಂದೇ ಗಿಡದಲ್ಲಿ ಸೇರಿರುತ್ತವೆ. ಎಲೆಯಿಂದ ಹುಟ್ಟುವ ಮರಿ ಒಂದು ಪದರದಿಂದಷ್ಟೇ ಬರುವುದರಿಂದ ಪಟ್ಟಿ ಸಿಗುವುದಿಲ್ಲ. ಪಕ್ಕದ ಚಿಗುರಿನಿಂದ ಅಥವಾ ಹೂಕಾಂಡದಿಂದ ಮಾಡಬೇಕು. ಬೀಜ ಬಿತ್ತುವವರಿಗೆ ಒಂದೇ ಮಾತು: ಬೀಜ ದೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು, ಮಣ್ಣು ಮುಚ್ಚಬೇಡಿ.

ಕೀಟದ ಬಗ್ಗೆ ಆ ಕಡೆಯಿಂದ ಒಂದು ಪ್ರಶ್ನೆ ಬಂತು: ಹೂದಳದ ಮೇಲೆ ಹಳದಿ ಪುಡಿ ಚೆಲ್ಲಿರುತ್ತದೆ, ಏನದು? ಅದು ಪರಾಗ. ಥ್ರಿಪ್ಸ್ ಎಂಬ ಪುಟ್ಟ ಕೀಟ ಕೇಸರದ ಚೀಲ ಕೊರೆದು ತಿಂದಾಗ ಹಾಗೆ ಚೆಲ್ಲುತ್ತದೆ. ಹೂವು ಮೊಗ್ಗು ಎಲ್ಲವನ್ನೂ ಕಿತ್ತು ಚೀಲ ಕಟ್ಟಿ ಎಸೆಯಿರಿ. ಆಮೇಲೂ ಕೆಲವು ವಾರ ಬರುವ ಮೊಗ್ಗನ್ನೆಲ್ಲ ತೆಗೆಯುತ್ತಿರಿ, ಅದಕ್ಕೆ ತಿನ್ನಲು ಪರಾಗ ಸಿಗಬಾರದು. ನಡುವಿನ ಎಳೆಯ ಎಲೆಗಳು ಬೂದುಬಣ್ಣಕ್ಕೆ ತಿರುಗಿ, ಮುದುಡಿ, ಗಟ್ಟಿಯಾದರೆ ಅದು ಸೈಕ್ಲಮೆನ್ ನುಸಿ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಅಂಥ ಗಿಡವನ್ನು ಉಳಿಸಲು ಹೋಗಬೇಡಿ ಅನ್ನುವುದು ನನ್ನ ಸಲಹೆ, ಪಕ್ಕದವಕ್ಕೂ ಹಬ್ಬುತ್ತದೆ. ಬೇರಿನಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಹೊಸ ಗಿಡವನ್ನು ಒಂದೆರಡು ತಿಂಗಳು ಬೇರೆ ಕೋಣೆಯಲ್ಲಿ ಇಡುವುದು ಇವೆಲ್ಲಕ್ಕಿಂತ ಸುಲಭ.

ಕೊನೆಯ ಪ್ರಶ್ನೆ, ಎಲೆ ಸೊಂಪಾಗಿದೆ, ಹೂವೇ ಇಲ್ಲ, ಯಾವ ಗೊಬ್ಬರ ಹಾಕಲಿ? ಗೊಬ್ಬರದ ಯೋಚನೆ ಆಮೇಲೆ ಮಾಡಿ. ಮೊದಲು ಗಿಡವನ್ನು ಕಿಟಕಿಗೆ ಇನ್ನಷ್ಟು ಹತ್ತಿರ ತನ್ನಿ, ಇಲ್ಲವೇ ದೀಪದ ಅವಧಿ ಒಂದೆರಡು ಗಂಟೆ ಹೆಚ್ಚಿಸಿ. ಆರೆಂಟು ವಾರ ಕಾಯಿರಿ. ಆಗಲೂ ಮೊಗ್ಗು ಬಾರದಿದ್ದರೆ ಕುಂಡ ದೊಡ್ಡದಾಗಿದೆಯಾ ನೋಡಿ. ನೀವು ಹಾಕುತ್ತಿರುವ ಗೊಬ್ಬರದಲ್ಲಿ ಸಾರಜನಕ ಜಾಸ್ತಿ ಇದೆಯಾ ಅಂತ ಚೀಟಿ ಓದುವುದು ಅದಾದ ಮೇಲೆ.